ಸಣ್ಣಪ್ಪನ ಕೈಗೆ ಒಗ್ಗಿದ ಗೇರ್‌ಬಾಕ್ಸ್

ಈಚೆಗೆ ಹೊಸಪೇಟೆಯಲ್ಲಿ ಚಿತ್ತವಾಡ್ಗಿ ಕಡೆ ಆಟೋದಲ್ಲಿ ಹೋಗುತ್ತಿದ್ದಾಗ ಒಂದು ಗ್ಯಾರೇಜಿನ ಮುಂದೆ ಗಾಡಿ ನಿಂತಿತು. ಒಳಗೆ ಯಾರೋ ಹಳೆಯ ಗೇರ್ ಎಣ್ಣೆಯನ್ನು ತಗಡಿನ ಡಬ್ಬಿಗೆ ಇಳಿಸುತ್ತಿದ್ದರು. ಗಂಧಕದ ಘಾಟು, ಅದರೊಳಗೆ ಬಿಸಿಯಾದ ಕಬ್ಬಿಣದ ಕಮಟು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಆ ವಾಸನೆಯನ್ನು ನಾನು ಎದೆ ತುಂಬ ಎಳೆದುಕೊಂಡೆ. ಕಂಪ್ಲಿಯ ನಮ್ಮ ಮನೆಯ ಅಂಗಳ, ಒಣಹಾಕಿದ ಭತ್ತ, ಗಾಣದ ಕಡೆಯಿಂದ ತೇಲಿ ಬರುತ್ತಿದ್ದ ಬೆಲ್ಲದ ಹಬೆ, ತಗಡಿನ ನೆರಳಲ್ಲಿ ನಿಂತ ಜೀಪು, ಅದರ ಕೆಳಗಿನಿಂದ ಚಾಚಿಕೊಂಡ ಸಣ್ಣಪ್ಪನ ಎರಡು ಕಾಲು, ಎಲ್ಲ ಒಮ್ಮೆಲೇ ಕಣ್ಣಿಗೆ ಕಟ್ಟಿದವು.

ಸಣ್ಣಪ್ಪ ಎಂದರೆ ಅಪ್ಪನ ತಮ್ಮ. ಕಾಲುವೆ ನೀರು ಬಂದು ಭತ್ತ, ಕಬ್ಬು ಕೈಹಿಡಿದ ಮೇಲೆ ಕಟ್ಟಿಸಿದ ಮನೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಸಣ್ಣಪ್ಪ, ಸಣ್ಣವ್ವ, ನಾವು ಮಕ್ಕಳು, ಎಲ್ಲರೂ ಒಂದೇ ಒಲೆಯ ಅನ್ನ ಉಂಡವರು. ಅಪ್ಪ ಅಕ್ಕಿ ಗಿರಣಿ ನೋಡಿಕೊಳ್ಳುತ್ತಿದ್ದ, ಮಾತು ಕಡಿಮೆ. ಸಣ್ಣಪ್ಪನದು ಹೊಲ, ಗಾಣ, ಜೀಪು, ಮತ್ತೆ ಇಡೀ ಮನೆಯ ನಗು. ನಾನು ಹುಟ್ಟುವ ಮೊದಲೇ ಹರಾಜಿನಲ್ಲಿ ತಂದ ಆ ಜೀಪು ಊರಿಗೆಲ್ಲ ಬೇಕಾದದ್ದು. ಕೆಸರಿನ ಹೊಲದಲ್ಲೂ ಹೋಗುತ್ತಿತ್ತು, ಹೆರಿಗೆ ನೋವು ತಿನ್ನುವವರನ್ನು ಹೊಸಪೇಟೆಯ ಆಸ್ಪತ್ರೆಗೂ ಮುಟ್ಟಿಸುತ್ತಿತ್ತು. "ಈ ಊರಾಗಿನ ಅರ್ಧ ಹುಡುಗ್ರು ನನ್ ಜೀಪಿನಾಗ ಹುಟ್ಟಬೇಕಿತ್ತು, ನಾನು ಜಲ್ದಿ ಓಡ್ಸಿ ತಪ್ಪಿಸೀನಿ" ಎಂದು ಸಣ್ಣಪ್ಪ ಹೇಳಿದರೆ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು. ಅವರು ಹೊರಗೆ ಹೋದರೆ ಮನೆ ಸಪ್ಪಗಾಗುತ್ತಿತ್ತಲ್ಲ, ಅಂಥವರು.

ಆ ನಗು ಒಂದು ಸುಗ್ಗಿಯಲ್ಲಿ ನಿಂತುಹೋಯಿತು. ಗಾಣಕ್ಕೆ ಕಬ್ಬು ಕೊಡುವಾಗ ಸಣ್ಣಪ್ಪನ ಎಡಗೈ ಸಿಕ್ಕಿಕೊಂಡಿತು. ಎರಡು ಬೆರಳು ಹೋದವು, ಉಳಿದವುಗಳಲ್ಲಿ ಹಿಡಿತ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದವನು ಆ ಕೈಯನ್ನು ಹೆಗಲ ಮೇಲಿನ ಟವೆಲ್ಲಿನಲ್ಲಿ ಸುತ್ತಿಕೊಂಡೇ ಇರುತ್ತಿದ್ದ. ಊಟಕ್ಕೂ ನಮ್ಮೊಂದಿಗೆ ಕೂರದೆ ಒಳಕೋಣೆಯಲ್ಲಿ ತಟ್ಟೆ ತರಿಸಿಕೊಳ್ಳುತ್ತಿದ್ದ. ಜೀಪನ್ನು ಮಾತ್ರ ಬಿಡಲಿಲ್ಲ. ಆ ಜೀಪಿಗೆ ಮೂರೇ ಗೇರು. ಗಾಡಿ ಪೂರ್ತಿ ನಿಲ್ಲಿಸದೆ ಒಂದನೆಯದು ಬೀಳುತ್ತಿರಲಿಲ್ಲ. ಎರಡನೆಯದು ಸವೆದು, ಏರಿನಲ್ಲಿ ತಾನೇ ಜಿಗಿದು ಹೊರಗೆ ಬರುತ್ತಿತ್ತು. ಮೊದಲು ಮುಷ್ಟಿಯಿಂದ ಒತ್ತಿ ಹಿಡಿಯುತ್ತಿದ್ದವನು ಈಗ ಮಣಿಕಟ್ಟನ್ನೂ ಮೊಣಕಾಲನ್ನೂ ಕೊಟ್ಟು ಹಿಡಿಯಬೇಕಾಗಿತ್ತು. ಒಂದು ದಿನ ಹಂಪಿಯಲ್ಲಿ ಪೂಜೆ ಮಾಡಿಸಿಕೊಂಡು ನಾವು ಹೆಂಗಸರು ಮಕ್ಕಳೆಲ್ಲ ಬರುವಾಗ, ಕಮಲಾಪುರದ ಹತ್ತಿರದ ಏರಿನಲ್ಲಿ ಗೇರು ಜಿಗಿಯಿತು. ಅವನು ಮತ್ತೆ ಹಾಕಲು ತಡಕಾಡುತ್ತಿರುವಾಗಲೇ ಜೀಪು ಹಿಂದಕ್ಕೆ ಜಾರಿ ಬಾಳೆತೋಟದ ಕಲ್ಲಿನ ಒಡ್ಡಿಗೆ ಬಡಿದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಸಣ್ಣಪ್ಪ ಮಾತ್ರ ಸ್ಟೇರಿಂಗಿಗೆ ಹಣೆ ಹಚ್ಚಿ ಬಹಳ ಹೊತ್ತು ಮೇಲೆ ನೋಡಲೇ ಇಲ್ಲ.

"ಡ್ರೈವರ್ ಇಡೋಣಪ್ಪ" ಎಂದಳು ಅಜ್ಜಿ ಆ ದಿನ. ಸಣ್ಣಪ್ಪ ಎದ್ದು ಹೊರಗೆ ಹೋದ. ಅಪ್ಪ ಅಜ್ಜಿಗೆ, "ಆ ಮಾತು ಇನ್ನೊಮ್ಮೆ ಆಡಬ್ಯಾಡವ್ವ" ಎಂದಷ್ಟೇ ಹೇಳಿದ.

ಗೇರ್‌ಬಾಕ್ಸ್ ಬದಲಿಸದೆ ಗತ್ಯಂತರವಿರಲಿಲ್ಲ. ಹೊಸಪೇಟೆಯ ಮಿಸ್ತ್ರಿ ಖಾದರಸಾಬರ ಗ್ಯಾರೇಜಿಗೆ ಅಪ್ಪ, ಸಣ್ಣಪ್ಪ ಹೊರಟಾಗ ನಾನು ಹಟ ಮಾಡಿ ಜೊತೆಗೆ ಹೋದೆ. ಗೋಣಿಚೀಲದ ಮೇಲೆ ಎರಡು ಗೇರ್‌ಬಾಕ್ಸುಗಳನ್ನು ಇಟ್ಟಿದ್ದರು. ಒಂದು ನಮ್ಮದರಂತೆಯೇ ಮೂರು ಗೇರಿನದು, ರಿಪೇರಿಯಾದದ್ದು, ಬಿಚ್ಚಿದ ಜಾಗದಲ್ಲೇ ಕೂರುವಂಥದ್ದು. ಇನ್ನೊಂದು ಹೊಸ ನಮೂನೆಯ ಜೀಪಿನಿಂದ ತೆಗೆದ ನಾಲ್ಕು ಗೇರಿನದು, ಉದ್ದ ಹೆಚ್ಚು. ಅದನ್ನು ಕೂರಿಸಲು ತಳದ ತಗಡು ಕತ್ತರಿಸಬೇಕು, ಹಿಂದಿನ ಶಾಫ್ಟ್ ಗಿಡ್ಡ ಮಾಡಬೇಕು. "ಕೆಲ್ಸ ಜಾಸ್ತಿ ಐತ್ರಿ. ಆದ್ರ ಗೇರು ಬೆಣ್ಣಿಯಾಗ ಚಾಕು ಇಳದಂಗ ಬೀಳ್ತಾವ. ಗಾಡಿ ನಿಲ್ಸೋದೂ ಬ್ಯಾಡ" ಎಂದರು ಖಾದರಸಾಬರು.

ಸಣ್ಣಪ್ಪ ಎರಡನೆಯದರ ಕಡೆ ಕಣ್ಣು ಕೂಡ ಹಾಯಿಸಲಿಲ್ಲ. "ಹಳೇದಽ ಇರ್ಲಿ. ನನ್ ಕೈಗೆ ಅದು ಗೊತ್ತೈತಿ" ಎಂದ. ಟವೆಲ್ಲಿನೊಳಗಿನ ಕೈಯನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡ. ಹಗುರವಾದದ್ದನ್ನು ಆರಿಸಿದರೆ ಕೈ ಸೋತಿತೆಂದು ಎಲ್ಲರೆದುರು ಒಪ್ಪಿಕೊಂಡಂತೆ. ಅದು ಅಲ್ಲಿದ್ದ ಮೂವರಿಗೂ ತಿಳಿದಿತ್ತು, ನನಗೂ ಅಷ್ಟಿಷ್ಟು ತಿಳಿದಿತ್ತು.

ಅಪ್ಪ ವಾದಕ್ಕಿಳಿಯಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ನಿಂತಿದ್ದ ಖಾದರಸಾಬರ ಸ್ವಂತ ಜೀಪನ್ನು ನೋಡಿ, "ಇದರಾಗ ನಾಕ್ ಗೇರು ಅದಾವೇನ್ರಿ?" ಎಂದು ಕೇಳಿದ. ಅವರು ಹೂಂ ಎಂದರು. ಅಪ್ಪ ತಮ್ಮನತ್ತ ತಿರುಗಿ, "ನಂಗ ಸಂಡೂರಾಗ ಒಂದು ಕೆಲ್ಸ ಐತಿ. ನಡಿ, ಇದರಾಗ ಹೋಗಿ ಬರೋಣ" ಎಂದ.

ಸಣ್ಣಪ್ಪ ಸ್ಟೇರಿಂಗ್ ಹಿಡಿದ, ಅಪ್ಪ ಪಕ್ಕದಲ್ಲಿ ಕೂತ, ನಾನು ಹಿಂದೆ ಹತ್ತಿದೆ. ಸಂಡೂರಿನ ದಾರಿ ಏರತೊಡಗಿದಾಗ ಮುಂದೊಂದು ಅದಿರಿನ ಲಾರಿ ಏದುಸಿರು ಬಿಡುತ್ತ ತೆವಳುತ್ತಿತ್ತು. ಕೆಂಪು ಧೂಳು ನಮ್ಮ ಹುಬ್ಬು, ರೆಪ್ಪೆಗಳ ಮೇಲೆಲ್ಲ ಕೂತಿತು. ಸಣ್ಣಪ್ಪ ಹಳೆಯ ಅಭ್ಯಾಸದಂತೆ ಮೊಣಕಾಲು ಮೇಲೆತ್ತಿದ, ಆದರೆ ಒತ್ತಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಲಾರಿ ಇನ್ನೂ ನಿಧಾನವಾಯಿತು. ಅವನು ಎಡ ಅಂಗೈಯಿಂದ ಸುಮ್ಮನೆ ತಳ್ಳಿದ. ಚಲಿಸುತ್ತಿರುವಾಗಲೇ ಒಂದನೆಯ ಗೇರು ಸದ್ದಿಲ್ಲದೆ ಬಿತ್ತು. ಟವೆಲ್ಲು ಜಾರಿ ಕೆಳಗೆ ಬಿದ್ದದ್ದು ಅವನ ಗಮನಕ್ಕೆ ಬರಲಿಲ್ಲ. ಆಮೇಲೆ ಬೇಕಿರಲಿ ಬಿಡಲಿ, ಗೇರು ಏರಿಸಿದ, ಇಳಿಸಿದ, ಮತ್ತೆ ಏರಿಸಿದ, ಆಟಿಕೆ ಸಿಕ್ಕ ಮಗುವಿನ ಹಾಗೆ. ಏರು ಮುಗಿದ ಮೇಲೆ ಜೀಪನ್ನು ಬದಿಗೆ ನಿಲ್ಲಿಸಿ ಕಣ್ಣೊರೆಸಿಕೊಂಡ. ಧೂಳಿಗೋ ಏನೋ.

"ಅಣ್ಣಾ, ಸಂಡೂರಾಗ ಏನ್ ಕೆಲ್ಸ ಇತ್ತು?"

"ಮುಗೀತು. ತಿರುಗ್ಸು" ಎಂದ ಅಪ್ಪ.

ಸಣ್ಣಪ್ಪ ಜೋರಾಗಿ ನಕ್ಕ. ಅಪ್ಪ ಕಿಟಕಿಯ ಆಚೆ ಗುಡ್ಡ ನೋಡುತ್ತ ಕೂತ.

ನಾಲ್ಕು ಗೇರಿನದನ್ನೇ ಕೂರಿಸಿದರು. ಜೀಪು ಮನೆಗೆ ಬಂದ ದಿನ ಅಜ್ಜಿ ತೆಂಗಿನಕಾಯಿ ಒಡೆದಳು. ರಾತ್ರಿಯೂಟಕ್ಕೆ ಸಣ್ಣಪ್ಪ ತಾನಾಗಿ ಬಂದು ನಮ್ಮ ಪಂಕ್ತಿಯಲ್ಲಿ ಕೂತು, ಎಡಗೈಯನ್ನು ತೊಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡ. ಸಣ್ಣವ್ವ ರೊಟ್ಟಿ ಬಡಿಸಲು ಬಗ್ಗಿದವಳು ಬಡಿಸದೆಯೇ ಅಡುಗೆಮನೆಗೆ ಓಡಿದಳು.

ಆಮೇಲೆ ಎಷ್ಟೋ ಸುಗ್ಗಿಗಳು ಆ ಜೀಪಿನಲ್ಲೇ ಬಂದು ಹೋದವು. ನನ್ನನ್ನು ಕಾಲೇಜಿಗೆ ಸೇರಿಸಿದ್ದೂ ಸಣ್ಣಪ್ಪನೇ, ಮದುವೆಯಾದಾಗ ಗಂಡನ ಮನೆಗೆ ಬಿಟ್ಟು, ನನಗಿಂತ ಹೆಚ್ಚು ಅತ್ತು ಹಿಂತಿರುಗಿದವನೂ ಅವನೇ. ಒಂದು ಮಧ್ಯಾಹ್ನ ಉಂಡು ಮಲಗಿದವನು ಏಳಲಿಲ್ಲ. ಅಜ್ಜಿ ಅವನಿಗಿಂತ ಮೊದಲೇ ಹೋಗಿದ್ದು ಅವಳ ಪುಣ್ಯ. ಗಿರಣಿ ನಿಂತಿತು, ಒಲೆಗಳು ಬೇರೆಯಾದವು. ಆ ಮನೆ ಇದ್ದ ಜಾಗದಲ್ಲಿ ಈಗ ಸಾಲು ಅಂಗಡಿಗಳಿವೆ.

ಸಣ್ಣಪ್ಪ ಹೋದ ಮೇಲೆ ಅಪ್ಪ ಸಂಜೆಯಾದರೆ ಅಂಗಳಕ್ಕೆ ಹೋಗಿ ಜೀಪಿನಲ್ಲಿ ಕೂರುತ್ತಿದ್ದ, ಡ್ರೈವರ್ ಸೀಟಿನಲ್ಲಿ ಅಲ್ಲ, ಅದರ ಪಕ್ಕದಲ್ಲಿ. ನಾನು ತವರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ, ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಕತ್ತಲಾದ ಮೇಲೆ ಅವ್ವನೇ ಹೋಗಿ, ಕೈಹಿಡಿದು ಇಳಿಸಿಕೊಂಡು ಬರುತ್ತಿದ್ದಳು.