ಹರಿದಾಸ ಎಸೆಯದ ಹಳೆಯ ಫೈಲು

ನಮ್ಮ ಹರಿದಾಸನಿಗೆ ಯಾವುದನ್ನೂ ಎಸೆದು ಗೊತ್ತಿಲ್ಲ. ಚೆನ್ನೈನ ಟಿ. ನಗರದ ಅವನ ಮನೆಯಲ್ಲಿ ಕೆಟ್ಟ ಟಾರ್ಚು, ಹರಿದ ಕೊಡೆ, ತಾತನ ಕಾಲದ ಬೀಗ ಎಲ್ಲವೂ ಬೆಚ್ಚಗಿವೆ. ಹೆಂಡತಿ ಜಗಳವಾಡಿ ಸೋತು ಕೈಬಿಟ್ಟಿದ್ದಾಳೆ. ಕಂಪ್ಯೂಟರಿನಲ್ಲೂ ಅವನದು ಅದೇ ಬುದ್ಧಿ, ಏನನ್ನೇ ಬದಲಿಸಲಿ ಮೊದಲು ಹಳೆಯದರ ಒಂದು ನಕಲು ಎತ್ತಿಡುತ್ತಿದ್ದ. ಅಭ್ಯಾಸವೇನೋ ಒಳ್ಳೆಯದೇ. ಎಲ್ಲಿ ಎತ್ತಿಡಬೇಕು ಎಂದು ಮಾತ್ರ ಆ ಮಹಾನುಭಾವ ಯೋಚಿಸಲಿಲ್ಲ.

ಅದು 2003ರ ಮಾತು. ವೇಲಚೇರಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನ ಕಂಪ್ಯೂಟರುಗಳನ್ನು ಅವನೇ ನೋಡಿಕೊಳ್ಳುತ್ತಿದ್ದ. ಲ್ಯಾಬು ಹೊಸ ಕಟ್ಟಡಕ್ಕೆ ಬಂದಾಗ ಮುಖ್ಯ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ ಬದಲಿಸಿದ. ಅದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ನಡೆಯುವ ಯಂತ್ರ. ಅಂದಿನಿಂದ ತೊಂದರೆ ಶುರುವಾಯಿತು. ಬೆಳಿಗ್ಗೆ ಊದುಬತ್ತಿ ಹಚ್ಚಿ ಸ್ವಿಚ್ ಹಾಕಿದರೆ ಯಂತ್ರ ಏಳುತ್ತಿತ್ತು, ಆದರೆ ಉಳಿದ ಕಂಪ್ಯೂಟರುಗಳ ಕೈಗೆ ಸಿಗುತ್ತಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದವರು ಕೌಂಟರಿನ ಮುಂದೆ ನಿಂತು ಬೈಯುತ್ತಿದ್ದರು. ಆಮೇಲೆ ಹರಿದಾಸ ಬಂದು ಒಂದು ಕಮಾಂಡ್ ಕೊಟ್ಟರೆ ಸಂಜೆಯವರೆಗೂ ಸರಿ. ಮರುದಿನ ಮತ್ತೆ ಅದೇ ರಾಮಾಯಣ.

ಸಂಜೆ ಯಂತ್ರವನ್ನು ಆರಿಸುತ್ತಿದ್ದವಳು ಕೌಂಟರಿನ ರತ್ನಾವತಿ. ಉಡುಪಿ ಕಡೆಯವಳು, ಗಂಡ ಹೋಟೆಲಿನಲ್ಲಿ ಕಾಫಿ ಮಾಸ್ಟರ್. ಆ ಕುರ್ಚಿಗಾಗಿಯೇ ಸಂಜೆ ಕ್ಲಾಸಿಗೆ ಹೋಗಿ ಕಂಪ್ಯೂಟರ್ ಕಲಿತಿದ್ದಳು. ಆಕೆ ಸರಿಯಾಗಿ ಶಟ್‌ಡೌನ್ ಮಾಡುತ್ತಿಲ್ಲ, ಬಸ್ಸಿನ ಅವಸರಕ್ಕೆ ಸ್ವಿಚ್ ಆರಿಸಿಬಿಡುತ್ತಾಳೆ ಎಂದು ಹರಿದಾಸ ಮಾಲೀಕ ಶ್ರೀನಿವಾಸರಿಗೆ ಹೇಳಿಬಿಟ್ಟ. ನೀವು ಹೇಳಿಕೊಟ್ಟ ಹಾಗೆಯೇ ಮಾಡುತ್ತಿದ್ದೇನೆ ಎಂದು ಆಕೆ ಎಷ್ಟು ಹೇಳಿದರೂ ಕೇಳದೆ, ಎಲ್ಲರೆದುರು ಮತ್ತೆ ಮತ್ತೆ ಪಾಠ ಮಾಡಿದ. ಕೊನೆಗೆ ಶ್ರೀನಿವಾಸರು ಆಕೆಯನ್ನು ಹಿಂದಿನ ಕೋಣೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸಲು ಕೂರಿಸಿದರು.

ಅಂದು ಸಂಜೆ ಹರಿದಾಸ ತಾನೇ ಶಟ್‌ಡೌನ್ ಮಾಡಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಬಂದು ಸ್ವಿಚ್ ಹಾಕಿದ. ನೆಟ್‌ವರ್ಕ್ ಇಲ್ಲ. ಯಂತ್ರ ಏಳುವುದನ್ನು ಅವನು ಅದುವರೆಗೆ ಎದುರು ಕೂತು ನೋಡಿರಲೇ ಇಲ್ಲ. ಇನ್ನೊಮ್ಮೆ ಆರಿಸಿ ಹಾಕಿ ಪರದೆಯ ಸಾಲುಗಳನ್ನು ಓದಿದ. ನೆಟ್‌ವರ್ಕ್ ಕಾರ್ಡನ್ನು ಎಬ್ಬಿಸುವ ಸಾಲು ಎರಡು ಸಲ ಬಂತು. ಇರುವುದು ಒಂದೇ ಕಾರ್ಡು. ಸೆಟ್ಟಿಂಗಿನ ಫೋಲ್ಡರ್ ತೆರೆದರೆ ಹೊಸ ಫೈಲಿನ ಪಕ್ಕದಲ್ಲೇ ಅವನು ಎತ್ತಿಟ್ಟ ನಕಲು, ಹೆಸರಿನ ತುದಿಗೆ ‘ಓಲ್ಡ್’ ಎಂದು ಸೇರಿಸಿದ್ದು. ಅದು ಹಳೆಯದೆಂದು ಯಂತ್ರಕ್ಕೇನು ಗೊತ್ತು? ಏಳುವಾಗ ಎರಡನ್ನೂ ಓದಿ, ಕೊನೆಗೆ ಓದಿದ ಹಳೆಯ ವಿಳಾಸವನ್ನೇ ಹಿಡಿದು ಕೂರುತ್ತಿತ್ತು. ಅವನ ಕಮಾಂಡ್ ಹೊಸ ಫೈಲನ್ನಷ್ಟೇ ಓದುತ್ತಿದ್ದುದರಿಂದ ಹಗಲೆಲ್ಲ ಸರಿಯಿರುತ್ತಿತ್ತು.

ನಕಲನ್ನು ಅಳಿಸಿದ, ಎಲ್ಲವೂ ಸರಿಹೋಯಿತು. ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ. ಕೌಂಟರಿಗೆ ವೀಕ್ಷಾ ಎಂಬ ಹೊಸ ಹುಡುಗಿ ಬಂದಳು. ಇವಳು ಬಂದ ಮೇಲೆ ಕಂಪ್ಯೂಟರ್ ಹೇಗೆ ಮಾತು ಕೇಳುತ್ತದೆ ನೋಡಿ ಎಂದು ಶ್ರೀನಿವಾಸರು ಹೋಗಿ ಬರುವವರಿಗೆಲ್ಲ ಹೇಳತೊಡಗಿದರು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಆ ಬಾಗಿಲು ದಾಟುವಾಗ ಹರಿದಾಸ ತಲೆ ಎತ್ತುತ್ತಿರಲಿಲ್ಲ. ಮನೆಯಲ್ಲಿ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಳಿಯದಿದ್ದದ್ದೇ ಸರಿ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ಕೊನೆಗೆ ತಡೆಯಲಾರದೆ ಶ್ರೀನಿವಾಸರ ಮುಂದೆ ಎಲ್ಲವನ್ನೂ ಹೇಳಿದ. ಅವರು ನಕ್ಕುಬಿಟ್ಟರು.

“ವಿಡುಪ್ಪಾ ಹರಿದಾಸ, ಬಿಟ್ಟುಬಿಡು, ಕಂಪ್ಯೂಟರ್ ಅಂದ್ಮೇಲೆ ಇದೆಲ್ಲಾ ಇದ್ದದ್ದೇ.”

ಕಾಫಿಯನ್ನೂ ತರಿಸಿದರು. ರತ್ನಾವತಿಯ ಪಾಲಿಗೆ ಬೇಜವಾಬ್ದಾರಿಯಾಗಿದ್ದದ್ದು ಅವನ ಪಾಲಿಗೆ ಬಂದಾಗ ಕಂಪ್ಯೂಟರಿನ ಸ್ವಭಾವವಾಯಿತು. ಆಕೆಯನ್ನು ಕೌಂಟರಿಗೆ ಕರೆಯಿರಿ ಎಂದು ಕೇಳಿದ್ದಕ್ಕೆ, ವೀಕ್ಷಾ ಪಳಗಿದ್ದಾಳೆ, ಈಗ ಬದಲಾವಣೆ ಬೇಡ ಎಂದರು.

ಹರಿದಾಸ ಕಾಫಿ ಮುಟ್ಟದೆ ಹಿಂದಿನ ಕೋಣೆಗೆ ಹೋದ. ತಪ್ಪು ನಿಮ್ಮದಲ್ಲ, ನನ್ನದು ಎಂದ. ರತ್ನಾವತಿ ಕೈಯಲ್ಲಿದ್ದ ಚೀಟಿಯನ್ನು ಅಂಟಿಸಿ ಮುಗಿಸಿದಳು.

“ನೀವು ಅಷ್ಟು ಸಲ ಹೇಳಿದ ಮೇಲೆ ನಾನೂ ಅದನ್ನೇ ನಂಬಿದೆ ಸರ್. ಈಗ ಮನೆಯಲ್ಲಿ ಗ್ರೈಂಡರ್ ಆಫ್ ಮಾಡ್ಲಿಕ್ಕೂ ಮಗಳನ್ನು ಕರೀತೇನೆ.”