ಮೀಠಾ ಸೋಡಾ

ಗದಗಿನ ಮುದ್ರಣಾಲಯವೊಂದರಲ್ಲಿ ಮೂವತ್ತೆರಡು ವರ್ಷ ಪುಸ್ತಕಗಳಿಗೆ ಬೈಂಡಿಂಗ್ ಮಾಡಿದ ಬಸವಲಿಂಗಪ್ಪನವರಿಗೆ ಅಂಟಿನ ಪಾಠ ಯಾರೂ ಹೇಳಬೇಕಿರಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮಗಳು ಸಿಂಧೂರ ಅವರನ್ನು ದಿಲ್ಲಿಯ ಪೀತಮ್‌ಪುರದ ತನ್ನ ಫ್ಲ್ಯಾಟಿಗೆ ಕರೆತಂದಿದ್ದಳು. ಹೊತ್ತಿಗೆ ಸರಿಯಾಗಿ ಚಹಾ, ರೊಟ್ಟಿ, ಮಾತ್ರೆ. ಪೊರಕೆ ಮುಟ್ಟಿದರೂ ಸುಮ್ಮನೆ ಕೂಡ್ರಿ ಅನ್ನುವಳು. ಕೂತು ಕೂತು ಮನುಷ್ಯ ಹುಚ್ಚನಾಗದೆ ಇನ್ನೇನಾದಾನು ಹೇಳಿ!

ಅಂದು, ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ, ಅಳಿಯ ವಿಕ್ರಮನ ಕಪಾಟಿನ ಧೂಳು ಒರೆಸಲು ಹೋದರು. ವಿಕ್ರಮ್ ದಿಲ್ಲಿಯವನೇ, ಅವನಿಗೆ ಕನ್ನಡ ಬಾರದು, ಇವರಿಗೆ ಹಿಂದಿ ಬಾರದು. ಪ್ಲಾಸ್ಟಿಕ್ ತುಂಡುಗಳನ್ನು ಕೂಡಿಸಿ ಪುಟ್ಟ ವಿಮಾನ ಕಟ್ಟುವುದು ಅವನ ಗೀಳು. ಕಪಾಟಿನಲ್ಲಿದ್ದ ಅವುಗಳಲ್ಲೊಂದು ಕೈಜಾರಿ ಬಿದ್ದು ಎರಡೂ ರೆಕ್ಕೆ ಕಿತ್ತುಬಂದವು.

ಬಸವಲಿಂಗಪ್ಪನವರು ತುಂಡುಗಳನ್ನು ಆಯ್ದುಕೊಂಡರು. ಕೈಲಾಗದ ಮುದುಕ ಅಂತ ಅಳಿಯ ತಿಳಿದರೆ ಈ ಮನೆಯಲ್ಲಿ ತಲೆ ಎತ್ತುವುದು ಹೇಗೆ? ಮೈದಾ ಅಂಟು ಕಾಸಿ ಹಚ್ಚಿದರು. ಪ್ಲಾಸ್ಟಿಕ್ಕಿಗೆ ಅದು ಹಿಡಿಯಲೇ ಇಲ್ಲ. ಓಣಿಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ರೆಕ್ಕೆ ತೋರಿಸಿದರು. ಅಲ್ಲಿನ ಭಯ್ಯಾ ಚಿಕ್ಕದೊಂದು ಗ್ಲೂ ಟ್ಯೂಬ್ ಕೊಟ್ಟು, ಚೂರು ಹಾರಿಹೋಗಿದ್ದ ಸಂದನ್ನು ಬೆರಳಿಟ್ಟು ತೋರಿಸಿ, ಮೀಠಾ ಸೋಡಾ ಎಂದು ಹಾಕುವ ಸನ್ನೆ ಮಾಡಿದ. ಮೀಠಾ ಅಂದರೆ ಸಿಹಿ, ಅಷ್ಟು ಇವರಿಗೂ ಗೊತ್ತಿತ್ತು. ಸೋಡಾ ಅಂದರೆ ಸೋಡಾ. ಅಂಟಿಗೆ ಅದ್ಯಾಕಪ್ಪಾ? ಈ ಊರಿನ ಪದ್ಧತಿಯೇ ಹಾಗಿರಬೇಕು ಅಂದುಕೊಂಡು ಸಿಹಿ ನಿಂಬೆ ಸೋಡಾದ ಬಾಟಲಿ ಕೊಂಡರು.

ಗ್ಲೂ ಹಚ್ಚಿ, ಮೇಲೆ ಚಮಚದಲ್ಲಿ ಸೋಡಾ ಸುರಿದರು. ಅದು ಬುಸ್ಸೆಂದು ಹರಿಯಿತು. ಅಂಟು ಬೆಳ್ಳಗೆ ಗಂಟುಗಟ್ಟಿತು, ಸಂದು ಮಾತ್ರ ಇದ್ದಲ್ಲೇ ಇತ್ತು. ಸಾಲಲಿಲ್ಲವೇನೋ ಅಂತ ಇನ್ನೊಂದು ಚಮಚ ಸುರಿದರು. ತಲೆಬುಡ ತಿಳಿಯಲಿಲ್ಲ.

ಸಂಜೆ ವಿಕ್ರಮ್ ಬಂದು ವಿಮಾನ ನೋಡಿದ, ಬಾಟಲಿ ನೋಡಿದ, ಮಾವನನ್ನು ನೋಡಿದ. ಸಿಂಧೂರ ನಡುವೆ ನಿಂತು ಅಪ್ಪ ಹೇಳಿದ್ದನ್ನೆಲ್ಲ ಹಿಂದಿಯಲ್ಲಿ ಹೇಳಿದಳು. ಅವನು ಅಡುಗೆಮನೆಯಿಂದ ಒಂದು ಡಬ್ಬಿ ತಂದ. ಬಜ್ಜಿಗೆ ಹಾಕುವ ಅಡುಗೆ ಸೋಡಾ! ಇಲ್ಲಿ ಅದಕ್ಕೇ ಮೀಠಾ ಸೋಡಾ ಅಂತಾರಂತೆ. ಒಂದು ರೆಕ್ಕೆಗೆ ಮೆತ್ತಿದ್ದನ್ನು ಕೆರೆದು ತೆಗೆದ. ಸಂದಿಗೆ ಚಿಟಿಕೆ ಪುಡಿ, ಮೇಲೆ ಒಂದು ಹನಿ ಗ್ಲೂ. ಕಣ್ಣು ಮಿಟುಕಿಸುವುದರೊಳಗೆ ಕಲ್ಲಾಯಿತು. ಇನ್ನೊಂದು ರೆಕ್ಕೆಯನ್ನು ಮಾವನ ಮುಂದಿಟ್ಟು, "ಪಾಪಾಜಿ, ಚಲೋ" ಎಂದ.

ಬಸವಲಿಂಗಪ್ಪ ಕಕ್ಕಾಬಿಕ್ಕಿಯಾದರು. ಗದಗಿನ ಕಡೆ ಚಲೋ ಅಂದರೆ ಒಳ್ಳೆಯದು. ಮುರಿದದ್ದು ಚಲೋನೋ, ಸೋಡಾ ಸುರಿದದ್ದು ಚಲೋನೋ?

"ಏನ್ ಚಲೋ ಅಂತಾರವ್ವಾ ಇವ್ರು?" ಎಂದು ಮಗಳನ್ನು ಕೇಳಿದರು.

"ಅದಲ್ಲಪ್ಪಾ. ಬರ್ರಿ, ಕೆಲಸಾ ಶುರು ಮಾಡೋಣು ಅಂತಾರ."

ಅವರ ಕಣ್ಣು ತುಂಬಿತು. ಈ ಊರಿಗೆ ಬಂದ ಮೇಲೆ ಅವರನ್ನು ಕೆಲಸಕ್ಕೆ ಕರೆದವರಲ್ಲಿ ಇವನೇ ಮೊದಲಿಗ.