ಬಾಗಿಲು ತಿಂದ ಟ್ರೆಬಲ್

ನಮ್ಮ ಭಾವನವರ ಎರಡೂ ಕಿವಿಯಿಂದ ಬಿಳಿ ಕೂದಲು ತೆಂಗಿನ ನಾರಿನ ಹಾಗೆ ಹೊರಗೆ ಚಾಚಿಕೊಂಡಿತ್ತು. ಸಂಗೀತ ಕೇಳುವಾಗ ಕಣ್ಣು ಮುಚ್ಚಿ, ಬಲಗಿವಿಯ ಕೂದಲನ್ನು ಎರಡು ಬೆರಳಲ್ಲಿ ಬತ್ತಿಯ ಹಾಗೆ ಹೊಸೆಯುತ್ತಿದ್ದರು. ಕತ್ತರಿ ತಂದು ಕತ್ತರಿಸಿಬಿಡಲೇ ಅಂತ ನನಗೆ ಎಷ್ಟೋ ಸಲ ಅನಿಸಿದ್ದುಂಟು.

ಅವರು ನನ್ನ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಜಯನಗರದ ನಮ್ಮ ಮನೆಯ ಮಹಡಿ ರೂಮು ಅವರದು. ಫ್ಯಾಕ್ಟರಿಯಿಂದ ರಿಟೈರ್ ಆದಮೇಲೆ ಕೆಳಗೆ ಇಳಿದು ಬಂದವರು ಹಾಲ್ ಪೂರ್ತಿ ಆಕ್ರಮಿಸಿಕೊಂಡರು. ಕಂಟೋನ್ಮೆಂಟಿನ ಯಾವುದೋ ಬಂಗಲೆಯಿಂದ ಬೀರುವಿನೆತ್ತರದ ಹಳೇ ಸ್ಪೀಕರ್ ಎರಡು ಬಂದವು. ಆಮೇಲೆ ಚೆನ್ನೈನಿಂದ ಆನ್ ಮಾಡಿದರೆ ಕೆಂಪಗೆ ಉರಿಯುವ ಗಾಜಿನ ವಾಲ್ವುಗಳ ಆಂಪ್ಲಿಫೈಯರ್, ನಮ್ಮೆಲ್ಲರ ಯೌವನದ ಕಾಲದ್ದು. ಟರ್ನ್‌ಟೇಬಲ್ ಅಲುಗಾಡಬಾರದು ಅಂತ ಹಿತ್ತಲಿನ ಬಟ್ಟೆ ಒಗೆಯೋ ಕಲ್ಲನ್ನೇ ಕೀಳಿಸಿ ತಂದು ಅದರ ಕೆಳಗೆ ಹಾಕಿಸಿದರು. ಕೆಲಸದವಳು ಕೇಳಿದಳು, "ಅಕ್ಕಾ, ಬಟ್ಟೆ ಇನ್ಮೇಲೆ ಹಾಲ್‌ನಲ್ಲಿ ಒಗೀಲಾ?"

ಆ ರೂಲ್ಸ್‌ಗಳೋ! ಫ್ಯಾನ್ ಹಾಕಬಾರದು. ಎರಡು ಸ್ಪೀಕರ್‌ಗೂ ಸರಿಸಮ ದೂರದಲ್ಲಿಟ್ಟ ಬೆತ್ತದ ಕುರ್ಚಿಯಲ್ಲಿ ಬೇರೆ ಯಾರೂ ಕೂರಬಾರದು. ಎಲ್ಲಕ್ಕಿಂತ ಮುಖ್ಯ, ರೆಕಾರ್ಡ್ ಓಡುವಾಗ ಕುಕ್ಕರ್ ಕೂಗಬಾರದು. ಕೂಗಿದರೆ ಕಣ್ಣೂ ಬಿಡದೆ ಗುಡುಗುತ್ತಿದ್ದರು: "ಕುಕ್ಕರ್!"

"ಅನ್ನ ಬೇಡವಾ ಭಾವ?"

"ಏನಮ್ಮ ಕಾನ್ವೆಂಟು, ನೀನು ಪಿಯಾನೋ ಕಲಿತೋಳಂತೆ. ಕಿವಿ ಅನ್ನೋದು ಇದೆಯಾ ನಿಂಗೆ?"

ನನ್ನ ಯಜಮಾನರು ಪೇಪರ್ ಇನ್ನೂ ಸ್ವಲ್ಪ ಮೇಲಕ್ಕೆತ್ತಿಕೊಳ್ಳುತ್ತಿದ್ದರು. ಅಲ್ಲಿಗೆ ಕೋರ್ಟ್ ಅಡ್ಜರ್ನ್ಡ್, ತೀರ್ಪು ಇಲ್ಲ. ನಾನೂ ಬಿಡುವವಳಲ್ಲ. ಭಾವ ಕುರ್ಚಿಯಲ್ಲಿ ಕೂತದ್ದು ನೋಡಿಯೇ ಬೇಳೆ ಬೇಯಿಸಲು ಇಡುತ್ತಿದ್ದೆ.

ಒಂದು ದಿನ ಬಲಗಡೆಯ ಸ್ಪೀಕರ್‌ನಲ್ಲಿ ಟ್ರೆಬಲ್ ಇಲ್ಲ ಅಂತ ಶುರುವಾಯಿತು. ಟ್ರೆಬಲ್ ಅಂದರೆ ಸಣ್ಣ ದನಿ, ತಂಬೂರಿಯ ಝೇಂಕಾರ, ತಾಳದ ಕಿಣಿಕಿಣಿ. ವಾಲ್ವ್ ಬದಲಾಯಿಸಿದರು, ವೈರ್ ಬದಲಾಯಿಸಿದರು, ಕೊನೆಗೆ ಸ್ಪೀಕರ್‌ಗಳನ್ನೇ ಅದಲು ಬದಲು ಮಾಡಿದರು. ಬಲಗಡೆ ಮಂಕು ಮಂಕಾಗಿಯೇ ಉಳಿಯಿತು. ಆ ಕಡೆ ಇದ್ದದ್ದು ನನ್ನ ಅಡುಗೆಮನೆಯ ಬಾಗಿಲು.

"ನಿನ್ನ ಬಾಗಿಲು ಟ್ರೆಬಲ್ ತಿಂತಿದೆ," ಅಂದರು. "ಮುಚ್ಚಿಸಿ ಗೋಡೆ ಕಟ್ಟಿಸ್ತೀನಿ. ನೀನು ಹಿತ್ತಲಿಂದ ಓಡಾಡು."

"ಮಳೆ ಬಂದ್ರೆ?"

"ಛತ್ರಿ ಇಲ್ವಾ?"

ತಮಾಷೆ ಅಂದುಕೊಂಡೆ. ಸೋಮವಾರ ಗಾರೆ ಕೆಲಸದವನು ಟೇಪ್ ಹಿಡಿದು ಬಂದೇಬಿಟ್ಟ. ಮೊಣಕಾಲು ನೋವಿನವಳು ನಾನು, ಸಾರಿನ ಪಾತ್ರೆ ಹಿಡಿದು ಮನೆ ಸುತ್ತಿ ಬರಬೇಕು! ಯಜಮಾನರ ಕಡೆ ನೋಡಿದೆ. ಪೇಪರ್.

ಆಗ ಒಲೆಯ ಮೇಲೆ ಕುಕ್ಕರ್ ಕೂಗಿತು. ಬಾಗಿಲ ಪಕ್ಕದಲ್ಲೇ ರೆಕಾರ್ಡ್ ಹಾಕಿಕೊಂಡು ಕೂತಿದ್ದ ಭಾವ ಗುಡುಗಲಿಲ್ಲ. ಮತ್ತೆ ಕೂಗಿತು. ಕೂದಲು ಹೊಸೆಯುತ್ತಲೇ ಇದ್ದರು.

ನಾನು ಅವರ ಕುರ್ಚಿಯ ಹತ್ತಿರ ಹೋದೆ.

"ಭಾವ, ಒಂದ್ಸಲ ಕುರ್ಚಿ ತಿರುಗಿಸಿ ಆ ಕಡೆ ಮುಖ ಮಾಡಿ ಕೂತ್ಕೊಳಿ."

"ಸಂಗೀತಕ್ಕೆ ಬೆನ್ನು ಹಾಕೋದಾ? ಕಾನ್ವೆಂಟಲ್ಲಿ ಹೀಗೆ ಕಲಿಸಿದ್ರಾ?"

"ಹೌದು. ಹಟ ಮಾಡೋರನ್ನ ನಮ್ಮ ಸಿಸ್ಟರ್ ಗೋಡೆ ಕಡೆ ತಿರುಗಿಸಿ ಕೂರಿಸ್ತಿದ್ರು. ಕೂತ್ಕೊಳಿ. ಈಗ ಬಾಗಿಲು ನಿಮ್ಮ ಎಡಕ್ಕೆ ಬರುತ್ತೆ. ಟ್ರೆಬಲ್ ತಿಂತಿರೋದು ಬಾಗಿಲೇ ಆದ್ರೆ ಎಡಗಡೆ ಮಂಕಾಗ್ಬೇಕು. ಹಾಗಾದ್ರೆ ಗೋಡೆ ಕಟ್ಸಿ."

ನನ್ನನ್ನು ಸೋಲಿಸುವ ಉತ್ಸಾಹದಲ್ಲೇ ಕುರ್ಚಿ ತಿರುಗಿಸಿದರು. ವೀಣೆ ನುಡಿಯುತ್ತಿತ್ತು. ಅವರ ಕೈ ಮೆಲ್ಲಗೆ ಮೇಲೆದ್ದು ಎಡಗಿವಿಯ ಹತ್ತಿರ ಹೋಯಿತು, ಅಲ್ಲಿ ನಿಲ್ಲಲಿಲ್ಲ. ಬಲಗಿವಿಗೆ ಬಂದು ಅಲ್ಲೇ ಉಳಿಯಿತು. ರೆಕಾರ್ಡ್ ಮುಗಿದು ಸೂಜಿ ಕರಕರ ಅನ್ನುತ್ತಿದ್ದರೂ ಏಳಲಿಲ್ಲ.

ಆಮೇಲೆ ಗಾರೆಯವನಿಗೆ ಹೇಳಿದರು, "ಬಾಗಿಲು ಇರ್ಲಿ ಬಿಡಪ್ಪ. ಕಾಫಿ ಕುಡ್ಕೊಂಡು ಹೋಗು."

ನನಗೆ ಸಾರಿನೂ ಇಲ್ಲ, ಥ್ಯಾಂಕ್ಸೂ ಇಲ್ಲ. ಮಾತೇ ಬಿಟ್ಟರು. ಕಿವಿ ಹೋಗಿದ್ದಕ್ಕಿಂತ ಅದನ್ನು ಕಂಡುಹಿಡಿದವಳು ನಾನು ಅನ್ನೋದೇ ಅವರಿಗೆ ದೊಡ್ಡ ಇನ್ಸಲ್ಟ್. ಡಾಕ್ಟರ ಹತ್ತಿರ ಹೋಗಿ ಅಂದರೆ ಮಹಡಿ ಹತ್ತಿ ಬಾಗಿಲು ಹಾಕಿಕೊಂಡರು. ಎಡಗಿವಿಯೂ ನಿಧಾನವಾಗಿ ಬಲಗಿವಿಯ ದಾರಿ ಹಿಡಿಯಿತು.

ಒಂದು ಬೆಳಿಗ್ಗೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ಹಾಲ್‌ನಿಂದ ಹಳೇ ಗುಡುಗು: "ಕುಕ್ಕರ್!"

ಒಲೆ ಖಾಲಿ. ಕುಕ್ಕರ್ ತೊಳೆಯಲು ಹಾಕಿದ್ದೆ.

ಅಪರೂಪಕ್ಕೆ ಪೇಪರ್ ಇಳಿಸಿ ಯಜಮಾನರು ನನ್ನನ್ನೇ ನೋಡಿದರು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಭಾವನವರಿಗೆ ಕೇಳಲೆಂದು ಕೂಗಿಯೇ ಹೇಳಿದೆ, "ಸಾರಿ ಭಾವ, ಆಫ್ ಮಾಡ್ದೆ!"

"ಹೂಂ. ಅಷ್ಟು ಬುದ್ಧಿ ಇರ್ಬೇಕು."

ಅವರು ಇರುವವರೆಗೂ ಹೀಗೆ ಅವರ ಕಿವಿಯೊಳಗಷ್ಟೇ ಕೂಗುವ, ಇಲ್ಲದ ಕುಕ್ಕರಿಗೆ ಬೈಸಿಕೊಂಡೆ. ಒಂದೇ ಒಂದು ಸಲವೂ ಎದುರು ಮಾತಾಡಲಿಲ್ಲ.

ಹೋದ ಚಳಿಗಾಲದಲ್ಲಿ, ಅದೇ ಬೆತ್ತದ ಕುರ್ಚಿಯಲ್ಲಿ, ವಾಲ್ವುಗಳು ಇನ್ನೂ ಕೆಂಪಗಿರುವಾಗಲೇ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ಮರುದಿನ ಅನ್ನಕ್ಕಿಟ್ಟೆ. ಕುಕ್ಕರ್ ಕೂಗಿತು. ಹಾಲ್ ಸುಮ್ಮನಿತ್ತು. ಇನ್ನೊಂದು ಸಲ ಕೂಗಲಿ ಅಂತ ಬಿಟ್ಟೆ. ಆಮೇಲೆ ಇನ್ನೊಂದು ಸಲ.

ಅನ್ನ ಮುದ್ದೆಯಾಯಿತು. ಅದಕ್ಕೂ ಅವರನ್ನೇ ಬೈದೆ.